ಒಳಗೆಳೆದುಕೊಳ್ಳಲಾರದ ಆಮೆ



ನಾನು ಪಶುವೈದ್ಯ. ನನ್ನ ಆಯುಷ್ಯದ ಬಹುಪಾಲು ದನ ಎಮ್ಮೆಗಳ ಕೊಟ್ಟಿಗೆಯಲ್ಲೇ ಕಳೆಯಿತು. ಕರಾವಳಿಯಲ್ಲಿ ಕೆಲಸ ಮಾಡಿದ್ದರಿಂದ, ದಡಕ್ಕೆ ಬಂದು ಬಿದ್ದ ಸತ್ತ ಆಮೆಗಳ ಮರಣೋತ್ತರ ಪರೀಕ್ಷೆಗೂ ನನಗೆ ಕರೆ ಬರುತ್ತಿತ್ತು. ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚನ್ನು ಆ ಮರಳ ಮೇಲೆ ಕಲಿತೆ. ಇವತ್ತು ಕಾಸರಕೋಡಿನ ಈ ಕಡಲಾಮೆ ಪ್ರದರ್ಶನವನ್ನು ಉದ್ಘಾಟಿಸುವ ಮುನ್ನ ಅದನ್ನೇ ನಿಮ್ಮ ಮುಂದೆ ಹೇಳುತ್ತೇನೆ.

ಆಮೆ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಒಂದೇ ಚಿತ್ರ. ಸದ್ದಾದರೆ ತಲೆ, ಕೈಕಾಲುಗಳನ್ನು ಚಿಪ್ಪಿನೊಳಗೆ ಎಳೆದುಕೊಂಡು ಕಲ್ಲಿನ ಹಾಗೆ ಕೂರುವ ಪ್ರಾಣಿ. ಭಗವದ್ಗೀತೆಯ ಎರಡನೇ ಅಧ್ಯಾಯದಲ್ಲಿ ಸ್ಥಿತಪ್ರಜ್ಞನ ಲಕ್ಷಣ ಹೇಳುವಾಗಲೂ ಇದೇ ಆಮೆ ಬರುತ್ತದೆ. ಇಂದ್ರಿಯಗಳನ್ನು ಹಿಂದಕ್ಕೆ ಸೆಳೆದುಕೊಳ್ಳಬಲ್ಲವನಿಗೆ ಅದು ಉಪಮಾನ. ಕೆರೆಯ ಆಮೆಗೆ, ಗದ್ದೆಯ ಆಮೆಗೆ ಆ ಮಾತು ಒಪ್ಪುತ್ತದೆ. ಕಡಲಾಮೆಗೆ ಒಪ್ಪುವುದಿಲ್ಲ. ಅದು ತಲೆಯನ್ನಾಗಲಿ, ಈಜುಗಾಲನ್ನಾಗಲಿ ಒಳಗೆಳೆದುಕೊಳ್ಳಲಾರದು. ಈಜಲೆಂದೇ ಚಿಪ್ಪು ಚಪ್ಪಟೆಯಾಯಿತು, ಮುಂಗಾಲು ಹುಟ್ಟಿನಂತೆ ಉದ್ದವಾಯಿತು, ಅಡಗುವ ಜಾಗ ಹೋಯಿತು. ಪ್ರದರ್ಶನ ನೋಡುತ್ತಾ ಹೋಗುವಾಗ ಈ ಒಂದು ಮಾತು ನಿಮ್ಮ ಮನಸ್ಸಿನಲ್ಲಿರಲಿ.

ಒಳಗೆ ಹೋದ ಕೂಡಲೇ ಮೊದಲ ಮೇಜಿನ ಮೇಲೆ ಒಂದು ಚಿಪ್ಪಿದೆ. ದಡಕ್ಕೆ ತೇಲಿಬಂದ ಸತ್ತ ಆಮೆಯದು. ಕಡಲಾಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇರುವುದರಿಂದ ಅರಣ್ಯ ಇಲಾಖೆಯ ಅನುಮತಿ ಪಡೆದು ಇಲ್ಲಿಟ್ಟಿದ್ದಾರೆ. ಅದನ್ನು ಮೇಲಿನಿಂದ ನೋಡಿ ಮುಂದೆ ಹೋಗಬೇಡಿ, ಒಳಮೈಯನ್ನು ನೋಡಿ. ನಡುವೆ ಬೆನ್ನುಮೂಳೆ ಓಡಿದೆ, ಎರಡೂ ಕಡೆಗೆ ಪಕ್ಕೆಲುಬುಗಳು ಹರಡಿ ಒಂದಕ್ಕೊಂದು ಬೆಸೆದುಕೊಂಡಿವೆ. ಚಿಪ್ಪು ಎಂದರೆ ಆಮೆ ಹೊತ್ತು ತಿರುಗುವ ಮನೆ ಎಂದು ಮಕ್ಕಳಿಗೆ ಹೇಳುತ್ತೇವೆ. ನಿಜದಲ್ಲಿ ಅದು ಆಮೆಯ ಎದೆಗೂಡೇ. ನಮ್ಮ ಭುಜದ ಮೂಳೆ ಪಕ್ಕೆಲುಬಿನ ಹೊರಗಿದೆ, ಆಮೆಯದು ಒಳಗೆ. ಮೇಲಿರುವ ಹಲಗೆಗಳು ನಮ್ಮ ಉಗುರಿನ ಜಾತಿಯ ವಸ್ತುವಿನಿಂದಾದವು. ಅವುಗಳಡಿಯ ಮೂಳೆಗೆ ಜೀವವಿದೆ, ರಕ್ತವಿದೆ, ನೋವೂ ಇದೆ. ಬೋಟಿನ ಪ್ರೊಪೆಲರ್ ತಾಗಿದರೆ ಗೋಡೆ ಬಿರುಕು ಬಿಟ್ಟಂತಲ್ಲ, ಬೆನ್ನೇ ಮುರಿದಂತೆ.

ಇಂಥದ್ದೊಂದು ರಚನೆ ಹೇಗೆ ಬಂತು? 2008ರಲ್ಲಿ ವಿಜ್ಞಾನಿಗಳು ಚೀನಾದ ಗುಯಿಝೌ ಪ್ರಾಂತ್ಯದಲ್ಲಿ ಸಿಕ್ಕಿದ, ಸುಮಾರು 22 ಕೋಟಿ ವರ್ಷ ಹಿಂದಿನ ಒಂದು ಆಮೆಯ ಪಳೆಯುಳಿಕೆಯನ್ನು ಲೋಕಕ್ಕೆ ಪರಿಚಯಿಸಿದರು. ಹೆಸರು ಒಡೊಂಟೊಕೆಲಿಸ್. ಅದಕ್ಕೆ ಹೊಟ್ಟೆಯ ಕಡೆ ಪೂರ್ಣ ಚಿಪ್ಪಿತ್ತು, ಬೆನ್ನಿನ ಕಡೆ ಅಗಲವಾಗುತ್ತಿದ್ದ ಪಕ್ಕೆಲುಬುಗಳು ಮಾತ್ರ. ಬಾಯಲ್ಲಿ ಹಲ್ಲಿತ್ತು. ಇವತ್ತಿನ ಆಮೆಗೆ ಹಲ್ಲಿಲ್ಲ, ಕೊಕ್ಕಿದೆ. ಮುಂದಿನ ಮೇಜಿನಲ್ಲಿ ಆ ಕೊಕ್ಕುಗಳ ಮಾದರಿಗಳಿವೆ. ಹುಲ್ಲು ಕತ್ತರಿಸಲು ಹಸಿರಾಮೆಗೆ ಗರಗಸದ ಅಂಚು. ಹವಳದ ಸಂದಿಯಿಂದ ಸ್ಪಂಜು ಕೀಳಲು ಹಾಕ್ಸ್‌ಬಿಲ್‌ಗೆ ಗಿಡುಗನ ಚೂಪು ಕೊಕ್ಕು. ಲಾಗರ್‌ಹೆಡ್ಡಿಗೆ ಚಿಪ್ಪುಜೀವಿಗಳನ್ನು ಪುಡಿಮಾಡುವ ದಪ್ಪ ದವಡೆ. ಲೆದರ್‌ಬ್ಯಾಕ್‌ಗೆ ಗಟ್ಟಿ ಚಿಪ್ಪೇ ಇಲ್ಲ, ಚರ್ಮದ ಹೊದಿಕೆ. ಸುತ್ತಲಿನ ನೀರಿಗಿಂತ ಮೈಯನ್ನು ಬೆಚ್ಚಗಿಟ್ಟುಕೊಂಡು ಒಂದು ಸಾವಿರ ಮೀಟರಿಗೂ ಆಳಕ್ಕೆ ಇಳಿಯಬಲ್ಲ ಜೀವ ಅದು. ಜಗತ್ತಿನಲ್ಲಿ ಕಡಲಾಮೆಯ ಜಾತಿಗಳು 7, ನಮ್ಮ ದೇಶದ ಕಡಲಲ್ಲಿ 5. ದೇವಬಾಗ, ಕಾಸರಕೋಡು, ಕುಂದಾಪುರದ ಕೋಡಿ ಮುಂತಾದ ನಮ್ಮ ದಡಗಳಿಗೆ ಮೊಟ್ಟೆಯಿಡಲು ಬರುವುದು ಆಲಿವ್ ರಿಡ್ಲೆ. ಎರಡಡಿಯ ಚಿಪ್ಪು, ಸುಮಾರು 40 ಕಿಲೋ ತೂಕ.

ಮೊದಲ ಸಲ ರಿಡ್ಲೆಯ ಅನ್ನನಾಳವನ್ನು ಕೊಯ್ದು ಬಿಡಿಸಿದ ದಿನ ನನಗೆ ಇನ್ನೂ ನೆನಪಿದೆ. ಗವಸು ಹಾಕಿದ ಬೆರಳನ್ನು ಬಾಯಿಯ ಕಡೆಯಿಂದ ಹೊಟ್ಟೆಯ ಕಡೆಗೆ ಸವರಿದೆ, ಸರಾಗವಾಗಿ ಇಳಿಯಿತು. ಅದೇ ಬೆರಳನ್ನು ವಾಪಸು ಎಳೆದೆ, ತಡೆಯಿತು. ಒಳಗೋಡೆಯ ತುಂಬ ಚೂಪಾದ ಮುಳ್ಳುಗಳು, ಎಲ್ಲವೂ ಹೊಟ್ಟೆಯ ಕಡೆಗೇ ಬಾಗಿದ್ದವು. ಮಳೆಗಾಲದಲ್ಲಿ ಗದ್ದೆಯ ಕಂಡಿಗೆ ಕೂಳಿ ಇಡುತ್ತೇವಲ್ಲ, ಒಳಹೊಕ್ಕ ಮೀನು ಮರಳಿ ಬರದ ಹಾಗೆ ಬಿದಿರ ಕಡ್ಡಿಗಳನ್ನು ಒಳಮುಖವಾಗಿ ಹೆಣೆದಿರುತ್ತಾರಲ್ಲ, ಅದೇ ಉಪಾಯ. ಆಮೆ ಆಹಾರದ ಜತೆಗೆ ಕಡಲ ನೀರನ್ನೂ ನುಂಗುತ್ತದೆ. ನೀರನ್ನು ಹೊರಕ್ಕೆ ತಳ್ಳುವಾಗ ಆಹಾರವನ್ನು ಈ ಮುಳ್ಳುಗಳು ಹಿಡಿದಿಡುತ್ತವೆ. ಆದರೆ ಆ ದಿನ ಮುಳ್ಳುಗಳ ನಡುವೆ ಸಿಕ್ಕಿಕೊಂಡಿದ್ದದ್ದು ಪ್ಲಾಸ್ಟಿಕ್ ಚೀಲದ ತುಂಡು. ನೀರಲ್ಲಿ ತೇಲುವ ಚೀಲ ಜೆಲ್ಲಿಫಿಶ್‌ನಂತೆ ಕಾಣುತ್ತದೆ. ಒಮ್ಮೆ ನುಂಗಿದರೆ ಉಗುಳಲು ಆಮೆಯ ಮೈಯೇ ಬಿಡುವುದಿಲ್ಲ.

ಈಗ ಮೀನುಗಾರ ಬಂಧುಗಳಿಗೆ ಒಂದು ಮಾತು. ಆಮೆಗೆ ಕಿವಿರಿಲ್ಲ, ನಮ್ಮಂತೆ ಪುಪ್ಪುಸ. ಅದು ಬೆನ್ನುಚಿಪ್ಪಿಗೆ ಒಳಗಿನಿಂದ ಅಂಟಿಕೊಂಡಂತೆ ಇದೆ. ನೆಮ್ಮದಿಯಾಗಿ ಮಲಗಿದ ಆಮೆ ಗಂಟೆಗಟ್ಟಲೆ ಉಸಿರು ಹಿಡಿಯಬಲ್ಲದು. ಬಲೆಯಲ್ಲಿ ಸಿಕ್ಕಿ ಒದ್ದಾಡಿದರೆ ಆಮ್ಲಜನಕ ಬೇಗ ಮುಗಿದು ಮುಳುಗಿ ಸಾಯುತ್ತದೆ. ಬಲೆ ಎತ್ತಿದಾಗ ಅಲುಗಾಡದ ಆಮೆ ಬಂದರೆ ಸತ್ತಿತೆಂದು ಕೂಡಲೇ ಕಡಲಿಗೆ ಎಸೆಯಬೇಡಿ, ಅಂಗಾತ ಹಾಕಲೂ ಬೇಡಿ. ಅಂಗಾತ ಬಿದ್ದರೆ ಕರುಳು, ಹೊಟ್ಟೆಯ ಭಾರವೆಲ್ಲ ಪುಪ್ಪುಸದ ಮೇಲೆ ಬೀಳುತ್ತದೆ. ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗದಡಿಗೆ ಹಗ್ಗದ ಸುರುಳಿಯನ್ನೋ ಮಡಚಿದ ಬಲೆಯನ್ನೋ ಇಟ್ಟು ಅರ್ಧ ಅಡಿ ಎತ್ತರಿಸಿ. ಒಳಗಿನ ನೀರು ಬಾಯಿಯ ಕಡೆಗೆ ಇಳಿಯಲಿ. ನೆರಳಲ್ಲಿಟ್ಟು ಒದ್ದೆ ಬಟ್ಟೆ ಹೊದಿಸಿ, ಮೂಗನ್ನು ಮಾತ್ರ ಮುಚ್ಚಬೇಡಿ. ಕಡಿಮೆಯೆಂದರೂ 4 ಗಂಟೆ ಕಾಯಿರಿ. ಸತ್ತಿತೆಂದುಕೊಂಡ ಆಮೆ ಕಣ್ಣು ಬಿಡುವುದುಂಟು.

ಮೊಟ್ಟೆಯಿಡುವಾಗ ಆಮೆ ಅಳುತ್ತದೆ, ಹೆರಿಗೆಯ ನೋವು ಪಾಪ ಎಂದು ನಮ್ಮ ತಾಯಂದಿರು ಹೇಳುತ್ತಾರೆ. ಕರುಳಿನಿಂದ ಬಂದ ಮಾತದು. ಆ ಕಣ್ಣೀರಿಗೆ ಇನ್ನೊಂದು ಕಾರಣವಿದೆ. ಆಮೆಯ ಕಣ್ಣಿನ ಹಿಂದೆ ಉಪ್ಪಿನ ಗ್ರಂಥಿಗಳಿವೆ, ಗಾತ್ರದಲ್ಲಿ ಅದರ ಮಿದುಳನ್ನೂ ಮೀರಿಸುವಂಥವು. ಕಡಲ ನೀರು ಕುಡಿದು ಬದುಕಬೇಕಾದ ಜೀವ ಹೆಚ್ಚಿನ ಉಪ್ಪನ್ನು ಕಣ್ಣೀರಿನಲ್ಲಿ ಹೊರಹಾಕುತ್ತದೆ. ಆ ಕಣ್ಣೀರು ಕಡಲಿಗಿಂತ ಸುಮಾರು ಎರಡು ಪಟ್ಟು ಉಪ್ಪು. ನೀರಲ್ಲಿ ಅದು ದಿನವೂ ಹರಿಯುತ್ತದೆ, ನಮಗೆ ಕಾಣುವುದು ದಡದಲ್ಲಿ ಮಾತ್ರ.

ಆ ದಡದಲ್ಲಿ ಹಿಂಗಾಲುಗಳು ಕೈಯಾಗುತ್ತವೆ. ಕಣ್ಣಿಗೆ ಕಾಣದ ಕಡೆ ಬೊಗಸೆ ಬೊಗಸೆಯಾಗಿ ಮರಳು ತೆಗೆದು, ಒಂದೂವರೆ ಅಡಿಯ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಹೊಟ್ಟೆಚಿಪ್ಪಿನಿಂದ ದಬದಬ ಬಡಿದು ಮರಳು ಗಟ್ಟಿಮಾಡಿ ಹೋಗುತ್ತದೆ. ಸುಮಾರು 50 ದಿನ ಮರಳೇ ತಾಯಿ. ಮರಿ ಗಂಡೋ ಹೆಣ್ಣೋ ಎಂದು ನಿರ್ಧರಿಸುವುದೂ ಆ ಮರಳಿನ ಶಾಖವೇ. 29 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ. ಮರಳು ಇನ್ನಷ್ಟು ಬಿಸಿಯಾದರೆ ಹೆಚ್ಚುಹೆಚ್ಚು ಹೆಣ್ಣು, ತಂಪಾದರೆ ಗಂಡು. ಭೂಮಿ ಕಾಯುತ್ತಿರುವ ಈ ಕಾಲದಲ್ಲಿ ಎರಡು ಡಿಗ್ರಿಯ ಬೆಲೆ ಏನೆಂದು ಆಮೆಯ ಮೊಟ್ಟೆ ನಮಗೆ ತಿಳಿಸುತ್ತದೆ.

ಮಕ್ಕಳೇ, ನೀವು ಮರಿಗಳನ್ನು ನೋಡಿದ್ದೀರಿ. ಅಂಗೈಯಲ್ಲಿ ಹಿಡಿಸುವಷ್ಟು. ಹುಟ್ಟುವಾಗ ಮೊಟ್ಟೆಯ ಹಳದಿಯ ಉಳಿಕೆ ಮರಿಯ ಹೊಟ್ಟೆಯೊಳಗೆ ಸೇರಿಕೊಂಡಿರುತ್ತದೆ. ಮೊದಲ ಕೆಲವು ದಿನ ಬಿಡದೆ ಈಜಲು ಅಷ್ಟೇ ಬುತ್ತಿ. ಫೋಟೋಗಾಗಿ ಅದನ್ನು ಬಕೆಟ್ಟಿನಲ್ಲಿ ಇಟ್ಟರೆ ಬುತ್ತಿ ಅಲ್ಲೇ ಖರ್ಚಾಗುತ್ತದೆ. ಅದರ ಕಣ್ಣು ಹುಡುಕುವುದು ಬೆಳಕಿನ ದಿಕ್ಕನ್ನು. ಕತ್ತಲೆಯ ದಡದಲ್ಲಿ ಅತಿ ಬೆಳಕು ಕಡಲ ಕಡೆಯದು. ದಡಕ್ಕೆ ನಾವು ದೊಡ್ಡ ದೀಪ ಹಾಕಿದರೆ ಮರಿ ರಸ್ತೆಯ ಕಡೆಗೆ ತೆವಳುತ್ತದೆ.

ಈ ಮೈಯಲ್ಲಿ ಒಂದು ಅಂಗವೂ ತಪ್ಪಾಗಿಲ್ಲ. ಮುಳ್ಳಿನ ಗಂಟಲು, ಬೆನ್ನಿಗಂಟಿದ ಪುಪ್ಪುಸ, ಬೆಳಕನ್ನರಸುವ ಕಣ್ಣು ಎಲ್ಲವೂ ಕೋಟಿ ವರ್ಷಗಳಿಂದ ಕಡಲಿಗೆ ಒಪ್ಪಿ ಬಂದಂಥವು. ಹೊಸದಾಗಿ ಬಂದದ್ದು ನಮ್ಮ ಚೀಲ, ನಮ್ಮ ಬಲೆ, ನಮ್ಮ ದೀಪ. ಕಡಲಾಮೆ ತನ್ನನ್ನು ಹಿಂದಕ್ಕೆ ಎಳೆದುಕೊಳ್ಳಲಾರದು, ಅದರ ಮೈಯಲ್ಲಿ ಆ ಅನುಕೂಲವಿಲ್ಲ. ಹಿಂದಕ್ಕೆ ಎಳೆದುಕೊಳ್ಳಬಲ್ಲವರು ನಾವು. ಗೂಡು ಕಂಡ ಕಡೆ ಬಲೆಯ ಬೇಲಿ ಹಾಕಿ ಕಾವಲಿರುವ ಇಲ್ಲಿನ ಮೀನುಗಾರರು ಅದನ್ನು ಮಾಡಿ ತೋರಿಸಿದ್ದಾರೆ. ಮೊಟ್ಟೆಯ ಕಾಲದಲ್ಲಿ ದಡದ ದೀಪ ಆರಿಸುವುದು, ಚೀಲ ಕಡಲಿಗೆ ಹೋಗದಂತೆ ನೋಡಿಕೊಳ್ಳುವುದು, ಬಲೆಗೆ ಬಿದ್ದ ಆಮೆಗೆ 4 ಗಂಟೆ ಕಾಯುವುದು. ಗೀತೆಯ ಆ ಆಮೆಯಿಂದ ನಾವು ಕಲಿಯಬೇಕಾದ ಸಂಯಮ ಇಷ್ಟೇ.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಮಕ್ಕಳೇ, ಮೊದಲು ನೀವು ಒಳಗೆ ಹೋಗಿ, ಆ ಚಿಪ್ಪಿನ ಒಳಮೈ ನೋಡಿ ಬನ್ನಿ.