ಹೋಗಿಬಂದ ಬೆಳ್ಳಿ

1961ರ ಜುಲೈನಲ್ಲಿ ಅಮೆರಿಕದ ಗಗನಯಾತ್ರಿ ಗಸ್ ಗ್ರಿಸಮ್ ‘ಲಿಬರ್ಟಿ ಬೆಲ್ 7’ ನೌಕೆ ಏರಿದಾಗ ಅವರ ಉಡುಪಿನ ಜೇಬಿನಲ್ಲಿ ಹತ್ತು ಸೆಂಟಿನ ನಾಣ್ಯಗಳ ಎರಡು ಸುರುಳಿಗಳಿದ್ದವು. ಗೆಳೆಯರ ಮಕ್ಕಳಿಗೆ ಹಂಚುವ ಆಸೆ. ಕಾಲು ಗಂಟೆಯ ಹಾರಾಟವೇನೋ ಸುಸೂತ್ರವಾಗಿಯೇ ನಡೆಯಿತು. ಕಡಲಿಗಿಳಿದ ಮೇಲೆ ಬಾಗಿಲು ಅಕಾಲದಲ್ಲಿ ಸಿಡಿದು ನೀರು ನುಗ್ಗಿತು. ಈಜಲು ಒದ್ದಾಡುತ್ತಿದ್ದ ಗ್ರಿಸಮ್‌ರಿಗೆ ಆ ಚಿಲ್ಲರೆಯೂ ಭಾರವಾಯಿತು. 1999ರಲ್ಲಿ ಅಟ್ಲಾಂಟಿಕ್‌ನ ತಳದಿಂದ ನೌಕೆಯನ್ನು ಎತ್ತಿದಾಗ ಒಳಗೂ ಅಂಥ ನಾಣ್ಯಗಳು ಸಿಕ್ಕವು!

ನಾಣ್ಯದ ಜಾಗಕ್ಕೆ ಪದಕ ಬಂದದ್ದು ಜೆಮಿನಿ ಯಾನಗಳ ಕಾಲಕ್ಕೆ. ಆಗಿನವು ‘ಫ್ಲೈಟ್‌ಲೈನ್’ ಪದಕಗಳು. 1968ರ ಅಪೊಲೋ 7ರಿಂದ ಮ್ಯಾಸಚೂಸೆಟ್ಸ್‌ನ ರಾಬಿನ್ಸ್ ಕಂಪನಿ ಕ್ರಮಸಂಖ್ಯೆ ಕೊರೆದ ಬೆಳ್ಳಿ ಪದಕಗಳನ್ನು ಮಾಡಿಕೊಟ್ಟಿತು. ಅವು ಸರ್ಕಾರದ ಬಹುಮಾನವಲ್ಲ. ಗಗನಯಾತ್ರಿಗಳು ಸ್ವಂತ ದುಡ್ಡಿನಿಂದ ಕೊಂಡು, ಮನೆಯವರಿಗೂ ಸಹೋದ್ಯೋಗಿಗಳಿಗೂ ಕೊಡುತ್ತಿದ್ದರು. ಅಪೊಲೋ 11ರಲ್ಲಿ 450 ಬೆಳ್ಳಿ ಪದಕಗಳೂ ಮೂರು ಚಿನ್ನದ ಪದಕಗಳೂ ಹೋಗಿಬಂದವು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಸ್ವಾರಸ್ಯದ ಕಥೆ ಅಪೊಲೋ 13ರದು. 1970ರ ಏಪ್ರಿಲ್‌ನಲ್ಲಿ, ಉಡಾವಣೆಗೆ ಎರಡು ಮೂರು ದಿನವಷ್ಟೇ ಇರುವಾಗ, ಕೆನ್ ಮ್ಯಾಟಿಂಗ್ಲಿಗೆ ರುಬೆಲ್ಲಾ ಅಂಟೀತೆಂಬ ಭಯದಿಂದ ಅವರ ಬದಲು ಜಾಕ್ ಸ್ವಿಗರ್ಟ್‌ರನ್ನು ಕಳಿಸಿದರು. ಪದಕಗಳ ಮೇಲಿದ್ದದ್ದು ಮ್ಯಾಟಿಂಗ್ಲಿಯ ಹೆಸರು, ಜೊತೆಗೆ ಚಂದ್ರನ ಮೇಲೆ ಇಳಿಯುವ ದಿನಾಂಕ. ಹಾದಿಯಲ್ಲಿ ಆಮ್ಲಜನಕದ ತೊಟ್ಟಿ ಸಿಡಿದು, ಇಳಿಯುವ ಮಾತು ಹಾಗಿರಲಿ, ಯಾತ್ರಿಗಳು ಜೀವ ಉಳಿಸಿಕೊಂಡು ಮರಳಿದ್ದೇ ಹೆಚ್ಚು. ಚಂದ್ರನನ್ನು ಸುತ್ತಿಬಂದ ಆ ಬೆಳ್ಳಿಯನ್ನೇ ಕರಗಿಸಿ, ಸ್ವಿಗರ್ಟ್ ಹೆಸರಿನ ಹೊಸ ಪದಕ ಮಾಡಿಸಿದರು. ಹೊಸ ಅಚ್ಚು, ಹಳೆಯ ಪಯಣ. ಸಂಗ್ರಾಹಕರು ಇದನ್ನು ತಕರಾರಿಲ್ಲದೆ ಒಪ್ಪಿಕೊಂಡಿದ್ದಾರೆ.

ಅಪೊಲೋ 14ರದು ಬೇರೆ ಮಾತು. ಅದರಲ್ಲಿ ಹೋಗಿಬಂದ ಫ್ರಾಂಕ್ಲಿನ್ ಮಿಂಟ್ ಎಂಬ ಖಾಸಗಿ ಟಂಕಸಾಲೆಯ ಪದಕಗಳಲ್ಲಿ ಕೆಲವನ್ನು ಬೇರೆ ಬೆಳ್ಳಿಯ ಜೊತೆ ಕರಗಿಸಿ, ಲಕ್ಷಕ್ಕೂ ಮಿಕ್ಕಿ ಪುಟಾಣಿ ಪದಕಗಳನ್ನು ಮಾಡಿ ಆ ಟಂಕಸಾಲೆಯ ಸಂಗ್ರಾಹಕ ಸದಸ್ಯರಿಗೆ ಹಂಚಿದರು. ಕೊಡ ನೀರಿಗೆ ಒಂದು ಹನಿ ಗಂಗೆ! ಇದನ್ನು ವ್ಯಾಪಾರವೆನ್ನದೆ ಬೇರೇನೆನ್ನಲಿ? ಅಮೆರಿಕದ ಸಂಸತ್ತಿನಲ್ಲೂ ಆಕ್ಷೇಪ ಕೇಳಿಬಂತು. 1972ರಲ್ಲಿ ಅಪೊಲೋ 15ರ ಯಾತ್ರಿಗಳು ಅನುಮತಿಯಿಲ್ಲದೆ ಒಯ್ದಿದ್ದ ಅಂಚೆ ಲಕೋಟೆಗಳ ಹಗರಣ ಹೊರಬಿದ್ದ ಮೇಲಂತೂ ನಾಸಾ ಇಂಥ ವಸ್ತುಗಳ ಮೇಲೆ ಕಡಿವಾಣ ಬಿಗಿಮಾಡಿತು.

ಇಂಥ ನೆನಪಿನ ವಸ್ತುಗಳು ಆ ಗಗನಯಾತ್ರಿಗಳದೇ ಆಸ್ತಿಯೆಂದು ಕಾನೂನು ಸ್ಪಷ್ಟಪಡಿಸಿದ್ದು 2012ರಲ್ಲಿ. 2019ರಲ್ಲಿ ಅಪೊಲೋ 11ರ ನೀಲ್ ಆರ್ಮ್‌ಸ್ಟ್ರಾಂಗ್‌ರ ಚಿನ್ನದ ಪದಕ ಹರಾಜಿನಲ್ಲಿ 20 ಲಕ್ಷ ಡಾಲರಿಗೂ ಹೆಚ್ಚು ತಂದಿತು. ಕೊಳ್ಳುವ ಮನಸ್ಸಿದ್ದವರು ಕ್ರಮಸಂಖ್ಯೆಯನ್ನೂ ಗಗನಯಾತ್ರಿಯ ಸಹಿಯುಳ್ಳ ಪತ್ರವನ್ನೂ ಮೊದಲು ಕೇಳಿ. ಅವಿಲ್ಲದಿದ್ದರೆ ಬೆಳ್ಳಿಯ ದರಕ್ಕಿಂತ ಹೆಚ್ಚು ಕೊಡಬೇಡಿ.