ಕಾಲು ಪೈಸೆಯ ಲೆಕ್ಕ

ಶ್ರೋತೃಗಳೇ, ಬಾಲ್ಯದ ಮಾತೆತ್ತಿದರೆ ಮುದುಕರ ನಾಲಿಗೆ ಉದ್ದವಾಗುತ್ತದೆ ಎಂಬ ಆಕ್ಷೇಪವನ್ನು ನೀವು ಕೇಳಿಯೇ ಇದ್ದೀರಿ. ಎಪ್ಪತ್ತೈದನ್ನು ದಾಟಿದ ನನಗೂ ಆ ದೋಷ ತಪ್ಪಿದ್ದಲ್ಲ. ಆದರೆ ಇಂದು ನಾನು ಹೇಳಹೊರಟಿರುವುದು ಬರಿಯ ಸಿಹಿ ನೆನಪುಗಳನ್ನಲ್ಲ. ನಮ್ಮ ಊರು ಒಂದು ಮನೆಯಂತಿತ್ತು ಎಂದು ನಾವೆಲ್ಲರೂ ಹೇಳಿಕೊಳ್ಳುತ್ತೇವೆ. ಆ ಮನೆಯಲ್ಲಿ ಯಾರು ಜಗಲಿಯ ಮೇಲೆ ಕುಳಿತಿದ್ದರು, ಯಾರು ಅಂಗಳದಲ್ಲಿ ನಿಂತಿದ್ದರು ಎಂಬುದನ್ನೂ ಸ್ವಲ್ಪ ನೋಡೋಣ.

ನನ್ನ ಊರು ಬಂಟ್ವಾಳ. ಘಟ್ಟದಿಂದ ಇಳಿದು, ಬೆಳ್ತಂಗಡಿಯ ಸೀಮೆಯನ್ನು ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬರುವ ನೇತ್ರಾವತಿಯು ನಮ್ಮ ಪೇಟೆಯ ಬೆನ್ನಿಗೇ ಹರಿದು ಮಂಗಳೂರಿನ ಬಳಿ ಕಡಲನ್ನು ಸೇರುತ್ತಾಳೆ. ಹಿಂದೆ ಅಕ್ಕಿ, ಅಡಿಕೆ, ಮೆಣಸು ಎಲ್ಲವೂ ದೋಣಿಯಲ್ಲೇ ಮಂಗಳೂರಿಗೆ ಹೋಗುತ್ತಿದ್ದುವಂತೆ. ನಾನು ಕಣ್ಣು ಬಿಡುವ ಹೊತ್ತಿಗೆ ಆ ಕೆಲಸವನ್ನು ಲಾರಿಗಳು ಕಸಿದುಕೊಂಡಿದ್ದುವು. ಹೊಳೆ ಮಾತ್ರ ತನ್ನ ಅಧಿಕಾರವನ್ನು ಬಿಟ್ಟುಕೊಟ್ಟಿರಲಿಲ್ಲ. ಹಿರಿಯರು ಮದುವೆ, ಮುಂಜಿ, ಹುಟ್ಟು, ಸಾವು ಎಲ್ಲವನ್ನೂ 1923ರ ಬೊಳ್ಳಕ್ಕೆ ಹಿಂದೆ, ಬೊಳ್ಳಕ್ಕೆ ಮುಂದೆ ಎಂದೇ ಲೆಕ್ಕ ಹಾಕುತ್ತಿದ್ದರು. ಬೊಳ್ಳವೆಂದರೆ ತುಳುವಿನಲ್ಲಿ ನೆರೆ.

ನಮ್ಮ ಶಾಲೆಯಲ್ಲಿ ಎಷ್ಟು ಭಾಷೆಗಳಿದ್ದುವು ಎಂದು ಹೇಳಿದರೆ ನಿಮಗೆ ಆಶ್ಚರ್ಯವಾದೀತು. ಒಂದೇ ಬೆಂಚಿನಲ್ಲಿ ಕೊಂಕಣಿಯವನೊಬ್ಬ, ತುಳುವಿನವನೊಬ್ಬ, ಬ್ಯಾರಿ ಭಾಷೆಯವನೊಬ್ಬ. ಪಕ್ಕದ ಬೆಂಚಿನಲ್ಲಿ ಕ್ರೈಸ್ತರ ಕೊಂಕಣಿಯ ಹುಡುಗಿ, ಜೈನರ ಮನೆಯ ಹುಡುಗಿ. ಕನ್ನಡವನ್ನು ಮನೆಯಿಂದ ತಂದವರು ಕೆಲವರೇ. ಉಳಿದವರೆಲ್ಲ ಅದನ್ನು ಶಾಲೆಯಲ್ಲೇ ಗಳಿಸಿದವರು. ನಮಗೆ ಹಾಡಲು ಹಾಡು ಕೊಟ್ಟ ಪಂಜೆ ಮಂಗೇಶರಾಯರೂ 1874ರಲ್ಲಿ ಇದೇ ಬಂಟ್ವಾಳದಲ್ಲಿ ಹುಟ್ಟಿದವರು. ಮನೆಮಾತು ಕೊಂಕಣಿ, ಬರೆದದ್ದು ಕನ್ನಡ. ‘ನಾಗರಹಾವಿ’ನ ಪದ್ಯವನ್ನು ನಾವು ಹೆಡೆಯಂತೆ ಕೈಯೆತ್ತಿ ಕುಣಿಯುತ್ತ ಹಾಡುತ್ತಿದ್ದೆವು.

ಒಮ್ಮೆ ಘಟ್ಟದ ಮೇಲಿನಿಂದ ಹೊಸ ಮಾಸ್ತರರೊಬ್ಬರು ಬಂದರು. ಒಬ್ಬ ಹುಡುಗನನ್ನು “ಪುಸ್ತಕ ಎಲ್ಲಿ?” ಎಂದು ಕೇಳಿದರು. ಹುಡುಗ “ಇಲ್ಲಡ್” ಎಂದ. ತುಳುವಿನಲ್ಲಿ ಇಲ್ಲ್ ಎಂದರೆ ಮನೆ. ಪುಸ್ತಕ ಮನೆಯಲ್ಲಿದೆ ಎಂದು ಅವನ ಉತ್ತರ. ಮಾಸ್ತರರಿಗೆ ಕೇಳಿಸಿದ್ದು ‘ಇಲ್ಲ’ ಎಂದು. “ಇಲ್ಲದಿದ್ದರೆ ಕೊಂಡುಕೋ” ಎಂದರು. ಹುಡುಗ ಮನೆಗೆ ಹೋಗಿ, ಇದ್ದ ಪುಸ್ತಕವನ್ನೇ ಇನ್ನೊಮ್ಮೆ ಕೊಳ್ಳಬೇಕಂತೆ ಎಂದು ಅತ್ತ. ಮಾಸ್ತರರಿಗೆ ವಿಷಯ ತಿಳಿದಾಗ ಅವರೂ ನಕ್ಕರು. ಆರು ತಿಂಗಳೊಳಗೆ ತುಳು ಕಲಿತರು.

ಮಳೆಗಾಲದ ಶಾಲೆಯೆಂದರೆ ಬೇರೆಯೇ ಒಂದು ಲೋಕ. ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ ಸುರಿಯುವ ಸೀಮೆ ನಮ್ಮದು. ತಲೆಗೆ ಓಲೆಕೊಡೆ, ಕಂಕುಳಲ್ಲಿ ಸ್ಲೇಟು, ಕಿಸೆಯಲ್ಲಿ ಸ್ಲೇಟು ಒರೆಸಲು ನೀರುಕಡ್ಡಿ. ತೋಡಿಗೆ ಅಡ್ಡವಾಗಿ ಹಾಕಿದ ಅಡಿಕೆಮರದ ಸಂಕವನ್ನು ದಾಟಬೇಕು. ಆಟಿ ತಿಂಗಳಲ್ಲಿ ಅಕ್ಕಿಯ ಮುಡಿ ಬರಿದಾಗುತ್ತ ಬಂದರೆ ಒಣಗಿಸಿಟ್ಟ ಹಲಸಿನ ಬೀಜ, ಕಣಿಲೆ, ಪತ್ರೊಡೆ. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಓಣಿಗೆಲ್ಲ ತಿಳಿದಿರುತ್ತಿತ್ತು. ನೆರೆಮನೆಯವರು ನಮ್ಮನ್ನು ಗದರಿಸಲು ತಂದೆತಾಯಿಗಳ ಅಪ್ಪಣೆಗೆ ಕಾಯುತ್ತಿರಲಿಲ್ಲ.

ಎಪ್ರಿಲಿನಲ್ಲಿ ರಜೆ ಬಂದಿತೆಂದರೆ ಅಜ್ಜನ ಮನೆಗೆ, ಮೂಡಬಿದಿರೆಗೆ, ಪ್ರಯಾಣ. ಅಲ್ಲಿ ಹದಿನೆಂಟು ಬಸದಿಗಳು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ತಂಪು ಕಲ್ಲಿನ ಮೇಲೆ ಮಧ್ಯಾಹ್ನದ ಬಿಸಿಲು ಇಳಿಯುವ ತನಕ ಕಂಬ ಎಣಿಸುವುದೇ ನಮ್ಮ ಆಟ. ಒಬ್ಬೊಬ್ಬನ ಲೆಕ್ಕ ಒಂದೊಂದು! ಆಗೆಲ್ಲ ನನಗೆ ಒಬ್ಬ ಗೆಳೆಯನ ನೆನಪಾಗುತ್ತಿತ್ತು. ಅವನಿದ್ದಿದ್ದರೆ ಕಂಬದ ಎಣಿಕೆ ತಪ್ಪುತ್ತಿರಲಿಲ್ಲ ಎಂದುಕೊಳ್ಳುತ್ತಿದ್ದೆ. ಇನ್ನು ಅವನ ವಿಷಯ ಹೇಳಬೇಕು.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆಯು ಮದರಾಸು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಮೂರನೆಯ ತರಗತಿಯಲ್ಲಿದ್ದ ನಮಗೆ ಅದರಿಂದ ಆದ ತೊಂದರೆ ಏನೂ ಇಲ್ಲ. ತೊಂದರೆ ಬಂದದ್ದು ಮರುವರ್ಷ, 1957ರ ಎಪ್ರಿಲಿನಲ್ಲಿ, ನಯೇಪೈಸೆಯ ರೂಪದಲ್ಲಿ. ಅದುವರೆಗೆ ರೂಪಾಯಿಗೆ ಹದಿನಾರು ಆಣೆ. ಇನ್ನು ನೂರು ಪೈಸೆ. ಒಂದಾಣೆಗೆ ಆರು ಪೈಸೆ ಎಂದು ಮಾಸ್ತರರು ಹಲಗೆಯ ಮೇಲೆ ಬರೆದರು. ಎರಡಾಣೆಗೆ ಹನ್ನೆರಡು. ನಾಲ್ಕಾಣೆಗೆ ಮಾತ್ರ ಇಪ್ಪತ್ತೈದು! ನಾಲ್ಕಾರಲಿ ಇಪ್ಪತ್ತನಾಲ್ಕು ತಾನೆ? ಆ ಒಂದು ಪೈಸೆ ಎಲ್ಲಿಂದ ಬಂತು?

ಹಿಂದಿನ ಬೆಂಚಿನಿಂದ ಒಂದು ದನಿ ಬಂತು. “ಒಂದೊಂದು ಆಣೆಯ ಒಳಗೆ ಕಾಲು ಪೈಸೆ ಉಂಟು. ಅದು ಒಬ್ಬನೇ ಇದ್ದರೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ಒಟ್ಟು ಸೇರಿದರೆ ಹಿಡಿಯಲೇಬೇಕು.” ಮಾಸ್ತರರು ಎದ್ದುಹೋಗಿ ಅವನ ಬೆನ್ನು ತಟ್ಟಿದರು.

ಅವನು ತೋಡಿನ ಆಚೆಯ ಗದ್ದೆಯಂಚಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೂಲಿಯವರ ಮಗ. ಮಳೆಗಾಲದಲ್ಲಿ ಸಂಕದ ಮೇಲೆ ನನಗೆ ಕಾಲು ನಡುಗಿದರೆ ಕೈಹಿಡಿದು ದಾಟಿಸುತ್ತಿದ್ದವನು ಅವನೇ. ಆದರೆ ಶಾಲೆಯ ಜಗಲಿಯಲ್ಲಿದ್ದ ನೀರಿನ ಕೊಡವನ್ನು ಅವನು ಮುಟ್ಟುವಂತಿರಲಿಲ್ಲ. ಇನ್ನೊಬ್ಬರು ಚಿಪ್ಪಿನ ಸೌಟಿನಿಂದ ಮೇಲಿಂದ ಸುರಿಯಬೇಕು. ಅವನು ಬೊಗಸೆಯೊಡ್ಡಿ ಕುಡಿಯಬೇಕು. ಅಸ್ಪೃಶ್ಯತೆಯನ್ನು 1950ರ ಸಂವಿಧಾನ ಅಳಿಸಿಹಾಕಿತ್ತು. 1955ರಲ್ಲಿ ಅದು ಶಿಕ್ಷೆಗೆ ಗುರಿಯಾಗುವ ಅಪರಾಧವೆಂಬ ಕಾಯಿದೆಯೂ ಬಂದಿತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1890ರ ದಶಕದಲ್ಲಿಯೇ ದಲಿತರ ಮಕ್ಕಳಿಗಾಗಿ ಶಾಲೆ ತೆರೆದು, ಅದಕ್ಕಾಗಿ ಬಹಿಷ್ಕಾರವನ್ನೂ ಅನುಭವಿಸಿದ್ದರು. ಅದೆಲ್ಲ ನಮ್ಮ ಜಗಲಿಯ ಕೊಡದವರೆಗೆ ಬಂದಿರಲಿಲ್ಲ.

ನಾಲ್ಕನೆಯ ತರಗತಿಯ ಒಂದು ದಿನ ಅವನಿಗೆ ನೀರು ಹಾಕಬೇಕಾದವನು ನಾನು. ಆಟದ ಗಡಿಬಿಡಿ. “ನೀನೇ ತೆಗೆದುಕೊ, ಯಾರೂ ನೋಡುವುದಿಲ್ಲ” ಎಂದೆ. ಅವನು ಅನುಮಾನಿಸಿದ, ಆಮೇಲೆ ಸೌಟು ಹಿಡಿದು ತಾನೇ ಕುಡಿದ. ಅಷ್ಟೇ. ಸಂಜೆ ಮನೆಯಲ್ಲಿ ದಿನದ ಸುದ್ದಿಯನ್ನೆಲ್ಲ ಹೇಳುವಾಗ ಅದನ್ನೂ ಹೇಳಿಬಿಟ್ಟೆ. ಚಾಡಿಯೆಂದಲ್ಲ, ತಮಾಷೆಯೆಂದು. ನಾನೇ ತೆಗೆದುಕೊ ಎಂದೆನೆಂಬುದನ್ನು ಮಾತ್ರ ಹೇಳಲಿಲ್ಲ.

ಮರುದಿನ ನಮ್ಮ ಅಜ್ಜಿಯ ಮಾತಿನಿಂದ ಹೊರಟ ಹಿರಿಯರು ಮೂವರು ಶಾಲೆಗೆ ಬಂದರು. ಕೊಡ ಒಡೆಯಿತು, ಹೊಸ ಕೊಡ ಬಂತು. ಗೆಳೆಯ ಮತ್ತೆ ಶಾಲೆಗೆ ಬರಲಿಲ್ಲ. ಮಾಸ್ತರರು ಎರಡು ಸಲ ಅವನ ಗುಡಿಸಲಿಗೆ ಹೋಗಿಬಂದರು. ದುಡಿಸುವ ಧನಿಗಳ ಮಾತನ್ನು ಮೀರಿ ಬದುಕುವ ಧೈರ್ಯ ಅವನ ತಂದೆಗೆ ಎಲ್ಲಿಂದ ಬರಬೇಕು? ಕೆಲದಿನಗಳಲ್ಲಿ ಅವನು ಕೋಣಗಳ ಹಿಂದೆ ಹೋಗುವುದು ಕಾಣಿಸಿತು. ನಾನು ಕರೆಯಲಿಲ್ಲ, ಅವನೂ ತಿರುಗಿ ನೋಡಲಿಲ್ಲ.

ನಾನು ಓದಿ ಉಪಾಧ್ಯಾಯನಾದೆ. ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಕೆಲಸ. ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿದ ಗಡಾಯಿಕಲ್ಲು ಶಾಲೆಯ ಅಂಗಳದಿಂದ ಕಾಣಿಸುತ್ತಿತ್ತು. ನಾಲ್ಕಾಣೆಯ ಲೆಕ್ಕವನ್ನು ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದುದು ಅವನ ಮಾತಿನಲ್ಲೇ. ಅದು ಯಾರ ಮಾತು ಎಂದು ಮಾತ್ರ ಹೇಳುತ್ತಿರಲಿಲ್ಲ.

1974ರ ಮಳೆಗಾಲದಲ್ಲಿ, ಊರಿಗೆ ಬಂದಿದ್ದಾಗ, ಮತ್ತೆ ಬೊಳ್ಳ ಬಂತು. ಬಂಟ್ವಾಳದ ಪೇಟೆಯೊಳಗೆ ದೋಣಿ ಓಡಿತು. ಅಜ್ಜಿಯನ್ನು ಎತ್ತಿಕೊಂಡು ಎತ್ತರದ ಜಾಗದಲ್ಲಿದ್ದ ಒಂದು ಕಟ್ಟಡವನ್ನು ಸೇರಿದೆವು. ಸುತ್ತಲೂ ನೀರು; ಕುಡಿಯಲು ಒಂದು ಹನಿ ಇಲ್ಲ. ಬಾವಿಗಳೆಲ್ಲ ಕೆಸರು. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಬಾವಿಯ ನೀರನ್ನು ಹೊತ್ತು ನಾಲ್ಕೈದು ಆಳುಗಳು ಬಂದರು. ಅವರಲ್ಲಿ ಒಬ್ಬ ಅವನು. ಕೊಡವನ್ನು ಕೆಳಗಿಳಿಸಿ ಹಿಂದೆ ಸರಿದು ನಿಂತ, ಶಾಲೆಯ ಜಗಲಿಯಲ್ಲಿ ನಿಲ್ಲುತ್ತಿದ್ದಂತೆಯೇ. ಅಜ್ಜಿ ನೀರು ನೀರು ಎಂದು ಕನವರಿಸುತ್ತಿದ್ದಳು. ನಾನು “ನೀನೇ ಹಾಕು” ಎಂದೆ. ಅವನು ನನ್ನ ಮುಖ ನೋಡಿದ. ಆಮೇಲೆ ಬಗ್ಗಿ ಲೋಟದಲ್ಲಿ ನೀರು ತುಂಬಿ ಅಜ್ಜಿಯ ತುಟಿಗೆ ಹಿಡಿದ. ಅವಳು ಕುಡಿದಳು, ಇನ್ನೂ ಬೇಕೆಂದಳು.

ಅಂದು ನಾನು ಅವನಲ್ಲಿ ಕ್ಷಮೆ ಕೇಳಬೇಕಿತ್ತು. ಕೇಳಲು ಬಾಯಿ ಬರಲಿಲ್ಲ. ಹೋಗುವಾಗ ಅವನೇ ಕೇಳಿದ: “ಮಾಸ್ತರರಾಗಿದ್ದೀರಂತೆ. ಮೂರಾಣೆಗೆ ಎಷ್ಟು ಪೈಸೆ?” “ಹತ್ತೊಂಬತ್ತು” ಎಂದೆ. “ಹದಿನೆಂಟೂ ಮುಕ್ಕಾಲು” ಎಂದು ನಕ್ಕು ಹೊರಟುಹೋದ. ಗೆಳೆತನದ ದಿನಗಳಲ್ಲಿ ಏಕವಚನದಲ್ಲಿ ಕರೆಯುತ್ತಿದ್ದವನು ಬಹುವಚನದಲ್ಲಿ ಮಾತಾಡಿದ್ದು ನನ್ನ ಎದೆಯಲ್ಲಿ ಇನ್ನೂ ಚುಚ್ಚುತ್ತಿದೆ.

ಅದೇ 1974ರ ಭೂಸುಧಾರಣೆಯಿಂದ ನಮ್ಮ ಜಿಲ್ಲೆಯಲ್ಲಿ ಅನೇಕ ಗೇಣಿ ಒಕ್ಕಲುಗಳು ಉಳುವ ಗದ್ದೆಗೆ ಒಡೆಯರಾದರು. ಅವನ ತಂದೆಗೆ ಗೇಣಿಯೂ ಇರಲಿಲ್ಲ, ಕೂಲಿ ಮಾತ್ರ. ಆ ಲೆಕ್ಕದಲ್ಲಿಯೂ ಅವರ ಪಾಲು ಕಾಲು ಪೈಸೆಯಂತೆ ಬಿಟ್ಟುಹೋಯಿತು.

ರಜೆ ಮುಗಿಸಿ ಶಾಲೆಗೆ ಹಿಂದಿರುಗಿದ ಮೇಲೆ ನಾನು ಮಾಡಿದ್ದು ಇಷ್ಟೇ: ನೀರು ತುಂಬುವ ಸರದಿಯ ಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸಿದೆ. ಎಲ್ಲ ಮಕ್ಕಳ ಹೆಸರೂ ಅದರಲ್ಲಿ, ಅಕಾರಾದಿಯಾಗಿ. ಆಕ್ಷೇಪಿಸಲು ಬಂದವರು ಒಬ್ಬಿಬ್ಬರು. ಪಟ್ಟಿ ಮಾತ್ರ ಗೋಡೆಯ ಮೇಲೆಯೇ ಉಳಿಯಿತು. ಇದೊಂದು ದೊಡ್ಡ ಸಾಹಸವೆಂದು ನಾನು ಹೇಳುತ್ತಿಲ್ಲ. ಹದಿನೇಳು ವರ್ಷ ತಡವಾಗಿ ಮಾಡಿದ ಕೆಲಸ.

ಈಗಿನ ಮಕ್ಕಳು ಚೀಲದಲ್ಲಿ ತಮ್ಮ ತಮ್ಮ ಬಾಟಲಿ ಒಯ್ಯುತ್ತಾರೆ. 2002ರಲ್ಲಿ ರಾಜ್ಯದಲ್ಲಿ ಆರಂಭವಾದ ಅಕ್ಷರ ದಾಸೋಹದಿಂದ ಸರಕಾರಿ ಶಾಲೆಗಳಲ್ಲಿ ಒಂದೇ ಪಂಕ್ತಿಯ ಬಿಸಿಯೂಟ ಬಂದಿದೆ. ಸಂತೋಷವೇ. ಆದರೂ, ಶ್ರೋತೃಗಳೇ, ನಿಮ್ಮಲ್ಲಿ ಒಂದು ವಿಜ್ಞಾಪನೆ. ಮೊಮ್ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ನಿಮ್ಮ ಶಾಲೆಯ ಕಥೆ ಹೇಳುವಾಗ ಹೊಳೆ, ಮಳೆ, ಮಾವಿನಕಾಯಿ ಎಲ್ಲವನ್ನೂ ಹೇಳಿ, ಅವೂ ಸುಳ್ಳಲ್ಲ. ಹಿಂದಿನ ಬೆಂಚಿನಲ್ಲಿ ಯಾರಿದ್ದರು, ಅವರು ಯಾವಾಗ ಬರುವುದನ್ನು ನಿಲ್ಲಿಸಿದರು, ಆಗ ನೀವೇನು ಮಾಡುತ್ತಿದ್ದಿರಿ ಎಂಬುದನ್ನೂ ಹೇಳಿ. ನಮ್ಮ ಊರು ಒಂದೇ ಮನೆಯಾಗಿತ್ತು ಎನ್ನುವ ಲೆಕ್ಕಕ್ಕೆ ಆ ಕಾಲು ಪೈಸೆಯೂ ಸೇರಬೇಕು.