ಹಿರಿಯರ ಕಟ್ಟೆಯಿಂದ ಮಧ್ಯಸ್ಥಿಕೆ ಕೇಂದ್ರದವರೆಗೆ

ಗಂಡ-ಹೆಂಡಿರ ವ್ಯಾಜ್ಯವನ್ನು ಕೋರ್ಟಿನ ಹೊರಗೆ ಬಗೆಹರಿಸುವುದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಗೆ ಹೊಸದಲ್ಲ. ಸಂಸಾರ ಕೆಟ್ಟಾಗ ಹಿರಿಯರನ್ನು ಕೂಡಿಸುವುದು ಇಲ್ಲಿನ ಹಳೆಯ ರೂಢಿ. ಎರಡೂ ಕಡೆಯ ಬೀಗರು, ಊರಿನ ದೈವದವರು ಗುಡಿಯ ಕಟ್ಟೆಯಲ್ಲೋ ಮಠದಲ್ಲೋ ಸೇರಿ ಬುದ್ಧಿ ಹೇಳುತ್ತಿದ್ದರು. ಬಾಳುವೆ ಕೂಡಿಬರದಿದ್ದರೆ ಸೋಡಚೀಟಿ, ಅಂದರೆ ಬಿಡುಗಡೆಯ ಪತ್ರ, ಬರೆಯಿಸುತ್ತಿದ್ದರು. ಅನೇಕ ಸಮುದಾಯಗಳಲ್ಲಿ ಹೆಣ್ಣುಮಗಳಿಗೆ ಉಡಿಕೆಯ ಮೂಲಕ ಮರುಮದುವೆಯ ದಾರಿಯೂ ಇತ್ತು. ಮುಸ್ಲಿಂ ಕುಟುಂಬಗಳಲ್ಲಿ ಜಮಾತಿನ ಹಿರಿಯರು ಈ ಕೆಲಸ ಮಾಡುತ್ತಿದ್ದರು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಕಡೆ ಒಂದು ಮನೆಯ ಜಗಳ ಇಡೀ ಬಳಗವನ್ನೇ ಒಡೆಯಬಲ್ಲದು. ಆದ್ದರಿಂದಲೇ ಹಿರಿಯರಿಗೆ ರಾಜಿಯ ಆತುರ ಹೆಚ್ಚು. ಕಟ್ಟೆಯ ಕೊರತೆಯೂ ಅಲ್ಲೇ ಇತ್ತು. ಮಾತನಾಡುವವರು ಗಂಡಸರು. ಮಕ್ಕಳು ಎಲ್ಲಿರಬೇಕೆಂಬುದು ಮನೆತನದ ಹಕ್ಕಿನ ಪ್ರಶ್ನೆಯಾಗುತ್ತಿತ್ತೇ ಹೊರತು ಮಕ್ಕಳ ಹಿತದ ಪ್ರಶ್ನೆಯಾಗುತ್ತಿದ್ದುದು ಅಪರೂಪ.

ಬ್ರಿಟಿಷರ ಕಾಲದಲ್ಲಿ ಈ ಸೀಮೆ ಒಂದೇ ಆಡಳಿತದಲ್ಲಿರಲಿಲ್ಲ. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಬನಹಟ್ಟಿ ಜಮಖಂಡಿಯ ಪಟವರ್ಧನರಿಗೆ, ರಬಕವಿ ಸಾಂಗಲಿ ಸಂಸ್ಥಾನಕ್ಕೆ, ಮುಧೋಳ ಘೋರ್ಪಡೆ ಮನೆತನಕ್ಕೆ ಸೇರಿದ್ದವು. 1947ರಲ್ಲಿ ಮುಂಬಯಿ ಪ್ರಾಂತ್ಯ ಹಿಂದೂ ವಿಚ್ಛೇದನ ಕಾಯ್ದೆ ಮಾಡಿತು. ಮರುವರ್ಷ ಸಂಸ್ಥಾನಗಳು ಆ ಪ್ರಾಂತ್ಯದಲ್ಲಿ ವಿಲೀನವಾದವು. 1955ರ ಹಿಂದೂ ವಿವಾಹ ಕಾಯ್ದೆ ದೇಶದ ಬಹುಪಾಲು ಹಿಂದೂಗಳಿಗೆ ಒಂದೇ ನಿಯಮ ತಂದಿತು. ಸಾಧ್ಯವಿದ್ದಲ್ಲೆಲ್ಲ ಮೊದಲು ದಂಪತಿಯನ್ನು ಒಂದುಗೂಡಿಸಲು ಯತ್ನಿಸುವುದು ನ್ಯಾಯಾಧೀಶರ ಕರ್ತವ್ಯವೆಂದು ಅದರ 23ನೇ ಕಲಂ ಹೇಳಿತು. 1976ರ ತಿದ್ದುಪಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅವಕಾಶ ಕೊಟ್ಟಿತು. ಪ್ರಕರಣವನ್ನು 15 ದಿನ ಮೀರದಂತೆ ಮುಂದೂಡಿ, ದಂಪತಿ ಸೂಚಿಸಿದ ವ್ಯಕ್ತಿಗೆ ರಾಜಿಯ ಹೊಣೆ ಒಪ್ಪಿಸಬಹುದೆಂದೂ ಹೇಳಿತು. ಇಂದಿನ ಮಧ್ಯಸ್ಥಿಕೆಯ ಬೀಜ ಇದರಲ್ಲಿದೆ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ರಾಜಿಯ ಯತ್ನವನ್ನು ಇನ್ನಷ್ಟು ಮುಂದಕ್ಕೆ ತಂದಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಲೋಕ ಅದಾಲತ್ತಿನ ರಾಜಿಗೆ ಡಿಕ್ರಿಯ ಬಲ ಕೊಟ್ಟಿತು. ಈ ಹೊತ್ತಿಗೆ ಹೊರದೇಶಗಳಲ್ಲೂ ಇದೇ ದಿಕ್ಕಿನ ಪ್ರಯತ್ನಗಳು ನಡೆದಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾ 1981ರಲ್ಲೇ ಮಕ್ಕಳ ಪಾಲನೆಯ ವ್ಯಾಜ್ಯಗಳಿಗೆ ಮಧ್ಯಸ್ಥಿಕೆಯನ್ನು ಕಡ್ಡಾಯ ಮಾಡಿತ್ತು. ಭಾರತದಲ್ಲಿ ವ್ಯಾಜ್ಯಗಳನ್ನು ಮಧ್ಯಸ್ಥಿಕೆಯಂಥ ದಾರಿಗಳಿಗೆ ಕಳಿಸಲು ಕೋರ್ಟಿಗೆ ಅವಕಾಶ ಕೊಡುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರ ಜುಲೈ 1ರಿಂದ ಜಾರಿಯಾಯಿತು. 2005ರಲ್ಲಿ ಕರ್ನಾಟಕ ತನ್ನ ಮಧ್ಯಸ್ಥಿಕೆ ನಿಯಮಗಳನ್ನು ರೂಪಿಸಿತು. 2007ರ ಜನವರಿಯಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. ವೈವಾಹಿಕ ವ್ಯಾಜ್ಯಗಳನ್ನು, ವಿಶೇಷವಾಗಿ ಜೀವನಾಂಶ ಮತ್ತು ಮಕ್ಕಳ ಪಾಲನೆಯ ವಿಷಯಗಳನ್ನು, ಆರಂಭದಲ್ಲೇ ದಂಪತಿಯ ಒಪ್ಪಿಗೆ ಪಡೆದು ಮಧ್ಯಸ್ಥಿಕೆಗೆ ಕಳಿಸಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿತು. 2023ರ ಸೆಪ್ಟೆಂಬರ್ 14ರಂದು ಮಧ್ಯಸ್ಥಿಕೆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು.

ಮಧ್ಯಸ್ಥಗಾರ ತೀರ್ಪು ಕೊಡುವವನಲ್ಲ. ಕಟ್ಟೆಯ ಹಿರಿಯರಿಗೂ ಇವನಿಗೂ ಇರುವ ದೊಡ್ಡ ಅಂತರ ಇದೇ. ಅವನು ಮೊದಲು ಇಬ್ಬರನ್ನೂ ಕೂಡಿಸಿ, ಆಮೇಲೆ ಬೇರೆ ಬೇರೆಯಾಗಿ ಕೂರಿಸಿ ಮಾತು ಕೇಳುತ್ತಾನೆ. ಹೆಂಡತಿಗೆ ಗಂಡನಷ್ಟೇ ಸಮಯ ಸಿಗುತ್ತದೆ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ. ಅದನ್ನು ಮುಂದೆ ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ. ರಾಜಿಯೆಂದರೆ ಮತ್ತೆ ಕೂಡಿ ಬಾಳುವುದೊಂದೇ ಅಲ್ಲ, ಹಗೆಯಿಲ್ಲದೆ ಬೇರೆಯಾಗುವುದೂ ರಾಜಿಯೇ.

ಮಧ್ಯಸ್ಥಿಕೆಯ ನಿಜವಾದ ಬೆಲೆ ತಿಳಿಯುವುದು ಮಕ್ಕಳ ವಿಷಯದಲ್ಲಿ. ಹಿಂದೂ ಮಕ್ಕಳ ಪಾಲಕತ್ವದ 1956ರ ಕಾಯ್ದೆಯ ಪ್ರಕಾರ ಐದು ವರ್ಷ ತುಂಬದ ಹಿಂದೂ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಎಲ್ಲಕ್ಕಿಂತ ಮಗುವಿನ ಹಿತವೇ ದೊಡ್ಡದು. ಕೋರ್ಟಿನ ಆದೇಶ ಮಗು ಯಾರ ಬಳಿ, ಯಾವ ದಿನ ಎಂದು ಹೇಳಬಲ್ಲದು. ಆದರೆ ಸಣ್ಣಪುಟ್ಟ ಏರ್ಪಾಡುಗಳು ತಂದೆ-ತಾಯಿಗಳಿಗೇ ಗೊತ್ತು. ತಂದೆ ಬನಹಟ್ಟಿಯ ಮಗ್ಗದಲ್ಲಿ, ತಾಯಿ ಮುಧೋಳದ ತವರಿನಲ್ಲಿ ಇದ್ದರೆ ವಾರದ ರಜೆ ಹೇಗೆ, ದಸರೆ ಮತ್ತು ಬೇಸಿಗೆ ರಜೆ ಎಲ್ಲಿ, ಶಾಲೆಯ ಫೀ ಯಾರದು, ಜ್ವರ ಬಂದರೆ ಫೋನ್ ಯಾರಿಗೆ, ಮಗುವನ್ನು ಒಪ್ಪಿಸುವುದು ಯಾವ ಮನೆಯಲ್ಲಿ ಎಂಬುದನ್ನೆಲ್ಲ ಬರೆದಿಟ್ಟುಕೊಂಡರೆ ಮಗು ಎರಡೂ ಮನೆಯ ಅಜ್ಜಿಯರನ್ನು ಉಳಿಸಿಕೊಳ್ಳುತ್ತದೆ. ಮಗು ಬೆಳೆದಂತೆ ಈ ಏರ್ಪಾಡು ಬದಲಿಸಲು ಕೋರ್ಟಿಗೆ ಅಧಿಕಾರವಿದೆ.

ಕೆಲವು ಎಚ್ಚರಿಕೆಗಳು ಅಗತ್ಯ. ಬಾಂಡ್ ಪೇಪರಿನ ಮೇಲೆ ಪಂಚರ ಸಹಿ ಹಾಕಿಸಿದ ಮಾತ್ರಕ್ಕೆ ಹಿಂದೂ ಮದುವೆ ಮುರಿಯುವುದಿಲ್ಲ. ಅಂಥ ರೂಢಿ ತಮ್ಮ ಸಮುದಾಯದಲ್ಲಿದೆ ಎಂದು ಹೇಳುವವರೇ ಅದನ್ನು ರುಜುವಾತು ಮಾಡಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಆದ್ದರಿಂದ ಮಧ್ಯಸ್ಥಿಕೆಯ ಒಪ್ಪಂದವೂ ಕೋರ್ಟಿನ ಡಿಕ್ರಿಯೊಂದಿಗೇ ಪೂರ್ಣವಾಗಬೇಕು. ಹೊಡೆತ, ಬೆದರಿಕೆ ಇರುವಲ್ಲಿ ರಾಜಿಗಿಂತ ಮೊದಲು ರಕ್ಷಣೆ ಬೇಕು. ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ತಾಯಿ-ತಂದೆಯರ ಕೊಡುಕೊಳ್ಳುವಿಕೆಯಲ್ಲಿ ಮಗುವಿನ ಜೀವನಾಂಶ ಮುಳುಗಬಾರದು.

ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಗಳಲ್ಲಿ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಕಾನೂನು ನೆರವು ಉಚಿತ. ಸಹಾಯವಾಣಿಯ ಸಂಖ್ಯೆ 15100. ದಾವೆ ಹೂಡುವ ಮುನ್ನ ಒಮ್ಮೆ ಆ ಸಮಿತಿಗೆ ಹೋಗಿ ವಿಚಾರಿಸಿ. ಹಿರಿಯರಾದವರು ನೊಂದ ದಂಪತಿಗೆ ಆ ದಾರಿ ತೋರಿಸಿ.